ತೋಡೂರು ಶಾಲೆಯ ಏಳು ಕಾಯಿ

ಮನೆ ಬದಲಿಸುವುದೆಂದರೆ ಎರಡು ಎತ್ತಿನ ಗಾಡಿಯ ಕೆಲಸವಾಗಿದ್ದ ಕಾಲ ಅದು. ಒಂದು ಗಾಡಿಯಲ್ಲಿ ಅಕ್ಕಿಮುಡಿ, ಹಂಡೆ, ರುಬ್ಬುವ ಕಲ್ಲು, ಸುತ್ತಿದ ಚಾಪೆಗಳು. ಇನ್ನೊಂದರಲ್ಲಿ ದೇವರ ಪೆಟ್ಟಿಗೆ, ಉಪ್ಪಿನಕಾಯಿಯ ಭರಣಿ ಮತ್ತು ನಾವು. ಕೂರಲು ನಮಗಿಂತ ಒಳ್ಳೆಯ ಜಾಗ ಭರಣಿಗೇ ಸಿಗುತ್ತಿತ್ತು. ನಾನು ಹೇಳುತ್ತಿರುವುದು ಮೂವತ್ತರ ದಶಕದ ಒಂದು ಬೇಸಿಗೆಯ ಮಾತು. ನನಗಾಗ ಎಂಟು ವರ್ಷ.

ಅಪ್ಪ ಅಂಕೋಲೆಯಲ್ಲಿ ಶಾಲಾಮಾಸ್ತರ. ಕಾರವಾರಕ್ಕೆ ವರ್ಗವಾಯಿತು. ಅದೇ ಹೊತ್ತಿಗೆ ನಾವಿದ್ದ ಬಾಡಿಗೆ ಮನೆಯ ಧಣಿಯ ಮಗ ಸಂಸಾರ ಸಮೇತ ಮುಂಬೈಯಿಂದ ಊರಿಗೆ ಬರುವುದು ಗೊತ್ತಾಗಿ, ಮನೆ ಬಿಡಬೇಕಾಯಿತು. ಅಪ್ಪ ಎರಡು ಸಲ ಕಾರವಾರಕ್ಕೆ ಹೋಗಿ ಬಂದ. ಗೊತ್ತುಮಾಡಿದ್ದ ಒಂದು ಮನೆಯೂ ಕೊನೆಯ ಗಳಿಗೆಯಲ್ಲಿ ಕೈತಪ್ಪಿತು. ಇಲ್ಲಿ ಮನೆ ಬಿಡುವ ದಿನ ಬಂತು, ಅಲ್ಲಿ ಮನೆ ಇಲ್ಲ.

"ತಮ್ಮಾ, ನೀ ಗಾಡಿ ಕಟ್ಸು," ಎಂದು ಅಪ್ಪನಿಗೆ ಹೇಳಿದಳು ಅಜ್ಜಿ, ಅವನ ತಾಯಿ. "ಭೂಮ್ತಾಯಿ ಮುಂದೆ ಹೋಗಿ ಮನೆ ನೋಡ್ತಾಳೆ. ನಾವು ಹಿಂದಿಂದ ಹೋದ್ರೆ ಸೈ." ಭೂಮ್ತಾಯಿ ಎಂದರೆ ಅಂಕೋಲೆಯ ಊರದೇವಿ.

"ಕೂಸು ಹುಟ್ಟೂಕೆ ಮುಂಚೆ ಕುಲಾವಿ ಅಂದ್ರೆ ಇದೇಯ," ಎಂದ ಅಪ್ಪ.

"ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನೇನೋ? ಮಾಸ್ತರಿಕೆ ಶಾಲೇಲಿ ಮಾಡು."

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಒಂದು ಒಳ್ಳೆಯ ತೆಂಗಿನಕಾಯಿ ಆರಿಸಿ, ಅರಿಶಿನ ಸವರಿ, ಕುಂಕುಮದ ಬೊಟ್ಟಿಟ್ಟು, "ತಾಯಿ, ಮಳೆ ಬೀಳೂಕೆ ಮುಂಚೆ ತಲೆ ಮೇಲೊಂದು ಸೂರು ಕೊಡು, ಈ ಕಾಯಿ ನಿಂದು," ಎಂದು ಹರಕೆ ಹೇಳಿಕೊಂಡು ತೆಗೆದಿಟ್ಟಳು. ನಮ್ಮ ಕಡೆ ಹಾಗೆ ತೆಗೆದಿಟ್ಟ ಕಾಯಿಯೆಂದರೆ ದೇವರೊಡನೆ ಆಡಿದ ಮಾತು. ಅದನ್ನು ಕಾಯುವ ಕೆಲಸ ನನ್ನದಾಯಿತು. ಗಾಡಿಯಲ್ಲಿ ಮಡಿಲಲ್ಲಿ ಅದನ್ನಿಟ್ಟುಕೊಂಡು ನಾನು ರಾಣಿಯ ಹಾಗೆ ಕೂತಿದ್ದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ, ದಾರಿಯಲ್ಲಿ ಸಿಕ್ಕವರೆಲ್ಲ "ದೂರ ಹೊರಟ್ರಾ?" ಎಂದು ಕೇಳುತ್ತಿದ್ದರು. "ಕಾರವಾರಕ್ಕೆ," ಎನ್ನುತ್ತಿದ್ದೆ. "ಯಾರ ಮನೆ?" ಎಂದರೆ, "ಅಜ್ಜಿಗೆ ಗೊತ್ತು!" ಎನ್ನುತ್ತಿದ್ದೆ. ಹಾಗೆಂದು ನಾನು ನಿಜವಾಗಿಯೂ ನಂಬಿದ್ದೆ.

ಕಾರವಾರದ ದಾರಿಯಲ್ಲೇ ಸಿಗುವ ತೋಡೂರಿನ ಶಾಲೆಗೆ ಆಗ ಬೇಸಿಗೆಯ ರಜೆ. ಅಲ್ಲಿಯ ಮಾಸ್ತರರು ಅಪ್ಪನ ಗೆಳೆಯರು. "ಶಾಲೆ ಸುರುವಾಗೂವರೆಗೆ ಇರಿ. ಮುಂದಿನ ವಾರ ಸೋಮವಾರ ಮಕ್ಕಳು ಬತ್ತಾರೆ, ಅಷ್ಟರೊಳಗೆ ಖಾಲಿ ಮಾಡಿದ್ರೆ ಸೈ," ಎಂದು ಬೀಗದ ಕೈ ಕೊಟ್ಟರು. ಎಂಟು ದಿನ ನಾವು ಶಾಲೆಯಲ್ಲೇ ಸಂಸಾರ ಮಾಡಿದೆವು! ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ. ಕರಿಹಲಗೆಯ ಕೆಳಗೆ ನನ್ನ ಚಾಪೆ. ಆಯಿಯ, ಎಂದರೆ ನನ್ನ ಅಮ್ಮನ, ಸೀರೆ ಭೂಪಟದ ಗೂಟಕ್ಕೆ ಒಣಗುತ್ತಿತ್ತು. ಬೆಳಿಗ್ಗೆ ಎದ್ದರೆ ಗೇರುಹಣ್ಣಿನ ಗಮ್ಮೆನ್ನುವ ವಾಸನೆ, ಮಧ್ಯಾಹ್ನ ಕೌಳಿಹಣ್ಣು ಹುಡುಕಿ ಮುಳ್ಳು ಗೀರಿಸಿಕೊಳ್ಳುವುದು, ಸಂಜೆ ಅಂಕೋಲೆಯಿಂದ ಹುಲ್ಲಿನಲ್ಲಿಟ್ಟು ತಂದ ಈಶಾಡ ಮಾವಿನ ಹಣ್ಣು. ಮೊಣಕೈವರೆಗೆ ರಸ ಸೋರಿಸಿಕೊಂಡು ತಿಂದರೂ ಆಯಿ ಬೈಯುತ್ತಿರಲಿಲ್ಲ. ಮನೆಯೇ ಇಲ್ಲದವರ ಮನೆಯಲ್ಲಿ ಕಟ್ಟುಕಟ್ಟಳೆಯೂ ಇರಲಿಲ್ಲ. ದೊಡ್ಡವರ ಎದೆಯಲ್ಲಿ ಏನಿತ್ತೋ, ನನಗಂತೂ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಅಪ್ಪ ಮಾತ್ರ ದಿನಾ ಬೆಳಿಗ್ಗೆ ಮೋಟಾರು ಹಿಡಿದು ಕಾರವಾರಕ್ಕೆ ಹೋಗಿ ಸಂಜೆ ಹಿಂದಿರುಗುತ್ತಿದ್ದ. ಛತ್ರಿ ಮೂಲೆಗಿಡುವ ಸದ್ದಿನಲ್ಲೇ ಉತ್ತರ ತಿಳಿಯುತ್ತಿತ್ತು.

ಮೂರನೆಯ ದಿನ ನಾನು ಶಾಲೆಯಾಟಕ್ಕೆ ಕೂತೆ. ಮಾಸ್ತರತಿಯೇನೋ ಇದ್ದೆ, ಮಕ್ಕಳಿರಲಿಲ್ಲ. ಬುಟ್ಟಿಯಲ್ಲಿ ಆರು ಕಾಯಿ ಉಳಿದಿದ್ದವು. ಕೆಡದಿರಲೆಂದು ಅಜ್ಜಿ ಎಲ್ಲಕ್ಕೂ ಜುಟ್ಟು ಬಿಟ್ಟೇ ಸುಲಿಸುತ್ತಿದ್ದುದರಿಂದ ಪ್ರತಿಯೊಂದಕ್ಕೂ ಚೆಂದದ ಜುಟ್ಟಿತ್ತು. ಸಾಲಾಗಿ ಕೂರಿಸಿ ಸುಣ್ಣದಕಡ್ಡಿಯಿಂದ ಕಣ್ಣು, ಮೂಗು ಬರೆದೆ. ವರ್ಗಕ್ಕೊಬ್ಬ ಜಾಣ ಬೇಡವೇ? ಹಣೆಯಲ್ಲಿ ಕುಂಕುಮವಿದ್ದ ದೇವರ ಕಾಯಿಯನ್ನು ತಂದು ಮೊದಲ ಸಾಲಿಗೆ ಕೂರಿಸಿದೆ. ಏಳು ಮಕ್ಕಳಿಗೂ ಮಗ್ಗಿ ಹೇಳಿಕೊಟ್ಟೆ. ದೇವರ ಕಾಯಿಗೂ ಹದಿಮೂರರ ಮಗ್ಗಿ ಬರಲಿಲ್ಲ. ಅದನ್ನೂ ಗದರಿಸಿದೆ.

ಅಷ್ಟರಲ್ಲಿ ಬಾವಿಯ ಕಡೆಯಿಂದ ಆಯಿಯ ಬಳೆ ಸದ್ದು. ಸುಣ್ಣದಕಡ್ಡಿ ಮುಟ್ಟಿದ್ದು ಗೊತ್ತಾದರೆ ಬೆನ್ನಿಗೆ ಬಿಸಿ! ಒದ್ದೆ ಬಟ್ಟೆಯಿಂದ ಏಳರ ಮುಖವನ್ನೂ ಗಸಗಸ ಒರೆಸಿಬಿಟ್ಟೆ. ಒರೆಸಿ ನೋಡುತ್ತೇನೆ, ಕುಂಕುಮ ಇಲ್ಲ, ಅರಿಶಿನವೂ ಇಲ್ಲ. ಏಳೂ ಒಂದೇ ತಾಯಿಯ ಮಕ್ಕಳು.

"ಹೆಣ್ಣೇ, ಒಂದು ಕಾಯಿ ತಗಂಡ್ ಬಾ. ಬಂಗಡೆ ಮೀನು ಬಂದದೆ!" ಎಂದು ಆಯಿ ಕೂಗಿದಳು.

ಕಣ್ಣುಮುಚ್ಚಿ ಒಂದನ್ನೆತ್ತಿ ಕೊಟ್ಟೆ. ಉಳಿದವುಗಳಲ್ಲಿ ದೇವರ ಮುಖವಿರಬಹುದು ಅನ್ನಿಸಿದ ಒಂದಕ್ಕೆ ಕುಂಕುಮ ಹಚ್ಚಿ ಪೆಟ್ಟಿಗೆಯ ಪಕ್ಕ ಇಟ್ಟೆ. ಆ ದಿನ ಬಂಗಡೆ ಸಾರು ಹೇಗಿತ್ತೆಂದರೆ, ಅಪ್ಪ ಕೈ ಮೂಸಿಕೊಳ್ಳುತ್ತ ಎದ್ದ. ನಾನು ಮಾತ್ರ ಅನ್ನವನ್ನು ತಟ್ಟೆಯ ಅಂಚಿಗೆ ದೂಡುತ್ತ ಕೂತೆ. ಭೂಮ್ತಾಯಿಯ ಕಾಯಿಯನ್ನು ಬಂಗಡೆಯ ಜೊತೆ ರುಬ್ಬಿ ತಿಂದಿದ್ದೇವೆ, ಇನ್ನು ಅವಳು ನಮಗೆ ಮನೆ ನೋಡುವುದುಂಟೇ?

ಮರುದಿನ ಒಂದು ಕಾಯಿ ಹೋಯಿತು, ಅದರ ಮರುದಿನ ಇನ್ನೊಂದು. ನಾಲ್ಕು ಉಳಿದವು. ಐದನೆಯ ದಿನದ ಸಂಜೆ ಬೇಸಿಗೆಯ ಮೊದಲ ಮಳೆ ಪಟಪಟ ಬಿತ್ತು. ಅಪ್ಪ ನೆನೆದು ಬಂದ. ಛತ್ರಿಯನ್ನು ಮೂಲೆಗೂ ಇಡದೆ ಕೈಯಲ್ಲೇ ಹಿಡಿದು ನಿಂತು ಹೇಳಿದ: "ಇನ್ನೆರಡು ದಿನ ನೋಡ್ತೆ. ಆಗ್ಲಿಲ್ಲ ಅಂದ್ರೆ ನಾ ಒಬ್ನೇ ಕಾರವಾರದಲ್ಲಿ ಯಾರದಾದ್ರೂ ಜಗಲಿ ಮೇಲೆ ಇರ್ತೆ. ನೀವೆಲ್ಲ ಅಂಕೋಲೆಗೆ ಮಾವನ ಮನೆಗೆ ಹೋಗಿ."

ಅಪ್ಪನಿಲ್ಲದೆ, ಶಾಲೆಯಿಲ್ಲದೆ, ಇನ್ನೊಬ್ಬರ ಮನೆಯಲ್ಲಿ! ಅದೆಲ್ಲವೂ ನನ್ನಿಂದ. ನಾನು ಓ ಎಂದು ಅತ್ತುಬಿಟ್ಟೆ. ಅಜ್ಜಿಯ ಸೆರಗು ಹಿಡಿದು ಏಳು ಮಕ್ಕಳ ಶಾಲೆಯ ಕತೆಯನ್ನು ಬಿಕ್ಕುತ್ತ ಒಪ್ಪಿಸಿದೆ.

ಆಯಿ ಬಾಯಿಗೆ ಕೈ ಇಟ್ಟುಕೊಂಡಳು. ಅಜ್ಜಿ ಮಾತ್ರ ನನ್ನ ಮೂಗೊರೆಸಿ, "ಎಷ್ಟು ಉಳಿದದೆ?" ಎಂದಳು.

"ನಾಕು."

"ನಾಕೂ ಅವಳದೇ. ಮನೆ ಸಿಗೂವರೆಗೆ ಇನ್ನು ಒಲೆ ಹತ್ರ ಒಂದೂ ಹೋಗೂಕಿಲ್ಲ."

"ಅತ್ತೆ, ಕಾಯಿ ಇಲ್ದೆ ಸಾರು ಎಂತದು ಮಾಡೂದು?" ಆಯಿಯ ದನಿಯಲ್ಲಿ ಮನೆಯಿಲ್ಲದ ಚಿಂತೆಗಿಂತ ಈ ಚಿಂತೆಯೇ ದೊಡ್ಡದಾಗಿ ಕೇಳಿಸಿತು.

"ಮಾಡಿದ್ದೇ ಸಾರು," ಎಂದಳು ಅಜ್ಜಿ. ಆಮೇಲೆ ನನ್ನ ಕಿವಿಯಲ್ಲಿ, "ಹೆದರಬೇಡ ಮಗಾ. ಅವಳೂ ಹೆಂಗಸಲ್ವಾ? ಅಡುಗೆಮನೆಯಲ್ಲಿ ಆಗೂದೆಲ್ಲ ಅವಳಿಗೂ ಗೊತ್ತು."

ಕರಾವಳಿಯವರಿಗೆ ಕಾಯಿ ಬಿಡುವುದು ಉಪವಾಸಕ್ಕಿಂತ ಕಠಿಣ ವ್ರತ. ರುಬ್ಬುವ ಕಲ್ಲು ಬಾಯಿ ಕಟ್ಟಿದ ಹಾಗೆ ಸುಮ್ಮನೆ ಬಿದ್ದಿತ್ತು. ಒಂದಿಡೀ ದಿನ, ಎರಡು ಹೊತ್ತೂ ಹುಣಸೆಹುಳಿ ಮೆಣಸು ಕದಡಿದ ತಿಳಿನೀರು. ಅಪ್ಪ ತಟ್ಟೆಯನ್ನು ನೋಡಿ, "ಇದರಲ್ಲಿ ನನ್ನ ಮುಖ ಕಾಣ್ತದೆ, ಸಾರು ಕಾಣೂದಿಲ್ಲ," ಎಂದ. ಅಜ್ಜಿ ನಕ್ಕಳು, ಆಯಿ ನಕ್ಕಳು. ಅಳುತ್ತಿದ್ದ ನಾನೂ ನಕ್ಕೆ. ಮನೆಯಿಲ್ಲದೆ ಅಷ್ಟು ನಗಬಹುದೆಂದು ನನಗೆ ಗೊತ್ತಾದದ್ದು ಅಂದೇ.

ಏಳನೆಯ ದಿನ ಅಪ್ಪ ಮಧ್ಯಾಹ್ನವೇ ಬಂದುಬಿಟ್ಟ. ಶಾಲೆಯ ಅಂಗಳಕ್ಕೆ ಕಾಲಿಡುವ ಮೊದಲೇ ಕೂಗಿದ: "ಗಾಡಿಯವನಿಗೆ ಹೇಳಿ ಕಳಿಸಿ!"

ನಡೆದದ್ದು ಇಷ್ಟು. ಕಾರವಾರದ ಹಬ್ಬುವಾಡದ ಓಣಿಯಲ್ಲಿ ಕಾಲೆಳೆಯುತ್ತ ಬರುವಾಗ ಒಂದು ಮನೆಯಿಂದ ಕಾಯಿ ಹುರಿಯುವ ಪರಿಮಳ ಬಂತಂತೆ. ಅಪ್ಪನ ಕಾಲು ತನ್ನಷ್ಟಕ್ಕೆ ನಿಂತುಬಿಟ್ಟಿತು. ಜಗಲಿಗೆ ಬಂದ ಕೊಂಕಣಿ ಮುದುಕಿ, ಬೇಲಿಯ ಹೊರಗೆ ಕಣ್ಣುಮುಚ್ಚಿ ನಿಂತ ಗಂಡಸನ್ನು ನೋಡಿ, ಹಸಿದವನಿರಬೇಕೆಂದು, "ಬಸ್ ರೇ ಪುತಾ," ಎಂದು ಕೂರಿಸಿ ಎಲೆ ಹಾಕಿದಳು. ಅಪ್ಪ ಹಲಸಿನ ಬೀಜದ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡನಂತೆ. "ನಿಮ್ಮ ಮನೇಲಿ ಕಾಯಿ ಹಾಕೂದಿಲ್ವಾ?" ಎಂದು ಮುದುಕಿ ಕೇಳಿದಾಗ ಅಪ್ಪ ನಾಚಿಕೆ ಬಿಟ್ಟು ಎಲ್ಲ ಹೇಳಿದ. ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಯ ಹಿಂಭಾಗದ ಎರಡು ಕೋಣೆಯನ್ನು ಅವಳು ಅದುವರೆಗೆ ಯಾರು ಕೇಳಿದರೂ ಕೊಟ್ಟಿರಲಿಲ್ಲ. "ಆ ನಿಮ್ಮ ತಾಯಿಯನ್ನ ನಾನು ನೋಡ್ಬೇಕು. ಮಗ್ಗಿ ಕಲಿಸಿದ ಹುಡುಗಿಯನ್ನೂ ಕರ್ಕೊಂಡು ಬನ್ನಿ," ಎಂದು ಬಾಗಿಲು ತೆಗೆದು ತೋರಿಸಿದಳಂತೆ.

ಎಂಟನೆಯ ದಿನ, ಭಾನುವಾರ, ಬಿನಗಾ ದಾಟಿ, ಬೈತಖೋಲದ ಒಣಮೀನಿನ ವಾಸನೆ ದಾಟಿ ನಮ್ಮ ಗಾಡಿಗಳು ಹಬ್ಬುವಾಡ ಸೇರಿದವು. ಮುದುಕಿಯ ತುಳಸಿಕಟ್ಟೆಯ ಮುಂದೆ ಅಜ್ಜಿ ಅಂಕೋಲೆಯ ದಿಕ್ಕಿಗೆ ಕೈಮುಗಿದು, ನಾಲ್ಕು ಕಾಯಿಯನ್ನೂ ಒಂದಾದಮೇಲೊಂದು ಒಡೆದಳು. ನಾಲ್ಕೂ ಬೆಳ್ಳಗೆ ಚೆನ್ನಾಗಿದ್ದವು. ನನಗಿನ್ನೂ ಮನಸ್ಸಿನ ಮುಳ್ಳು ಹೋಗಿರಲಿಲ್ಲ.

"ಅಜ್ಜಿ, ಇದ್ರಲ್ಲಿ ಅವಳದ್ದು ಯಾವುದು? ಇದ್ಯೋ ಇಲ್ವೋ?"

ಅಜ್ಜಿ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟಳು. "ತಿಂದು ನೋಡಿ ನೀನೇ ಹೇಳು," ಎಂದಳು. ಸಿಹಿಯಾಗಿತ್ತು. ಬಂಗಡೆ ಸಾರಿನ ಕಾಯಿಯೂ ಹೀಗೇ ಇದ್ದಿರಬೇಕು. ಅಷ್ಟು ಹೊತ್ತಿಗೆ ಆಯಿ ಒಳಗೆ ರುಬ್ಬುವ ಕಲ್ಲು ಇಳಿಸಿ ಆಗಿತ್ತು, ಗುಂಡು ಗರಗರ ತಿರುಗಲು ಸುರುವಾಗಿತ್ತು. ಹೊರಗೆ ಮಳೆ ಹಿಡಿಯಿತು.

ಅಜ್ಜಿ, ಆಯಿ, ಅಪ್ಪ, ಹಬ್ಬುವಾಡದ ಆ ಮುದುಕಿ, ಯಾರೂ ಈಗಿಲ್ಲ. ತೋಡೂರಿನ ಆ ಕಡಲತಡಿಯಲ್ಲಿ ನೌಕಾನೆಲೆ ಬಂದು ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿ ಎದ್ದರು. ಅವರಲ್ಲಿ ಎಷ್ಟು ಅಜ್ಜಿಯರು ಕಾಯಿ ತೆಗೆದಿಟ್ಟರೋ ಎಂದು ಪತ್ರಿಕೆ ಓದುತ್ತ ನೆನೆದಿದ್ದೆ. ನನಗೀಗ ಸ್ವಂತ ಮನೆಯಿದೆ, ಅದರ ಕಾಗದಪತ್ರ ಕಪಾಟಿನಲ್ಲಿದೆ. ದೇವರ ಕಾಯಿ ದೇವರ ಕೋಣೆಯಲ್ಲಿ, ಸಾರಿನ ಕಾಯಿ ಅಡುಗೆಮನೆಯಲ್ಲಿ, ಒಂದು ದಿನವೂ ಅದಲುಬದಲಾಗಿಲ್ಲ. ಹೊರಗೆ ಹೊರಟರೆ ಎಲ್ಲಿಗೆ, ಯಾವಾಗ, ಯಾರ ಮನೆಗೆ ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ.

ಆದರೂ ಒಮ್ಮೊಮ್ಮೆ, ಆಸ್ಪತ್ರೆಗೆ ಹೋಗಲು ಗಾಡಿ ಹತ್ತುವಾಗ, ಪಕ್ಕದ ಮನೆಯವರು "ದೂರ ಹೊರಟ್ರಾ?" ಎಂದು ಕೇಳುತ್ತಾರೆ. ಉತ್ತರ ನಾಲಗೆಯ ತುದಿಗೆ ಬರುತ್ತದೆ. ಅಜ್ಜಿಗೆ ಗೊತ್ತು ಎನ್ನಲು ಈ ವಯಸ್ಸಿನಲ್ಲಿ ನಾಚಿಕೆ. ಮಡಿಲು ಮುಟ್ಟಿ ನೋಡಿಕೊಳ್ಳುತ್ತೇನೆ, ಖಾಲಿ ಇರುತ್ತದೆ.