ತಪ್ಪು ಹಾಕುವ ಗುಣವತಿ

"ನಾನು ಹಾಕಿದ ತಪ್ಪು ಒಂದೂ ಒಳಗೆ ಉಳಿಯುವುದಿಲ್ಲ. ತೆಗೆದೇ ಮನೆಗೆ ಹೋಗುವುದು." ಏಳು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ದಿನ, ಅಲೆವೂರಿನ ಗುಣವತಿ ಪ್ರೋಗ್ರಾಮ್ ಬರೆಯುವ ಯಜ್ಞನಾರಾಯಣ ರಾಯರಿಗೆ ಕೊಟ್ಟ ಮಾತಿದು.

ಈಗ ೧೯೮೪. ಬೆಳಿಗ್ಗೆ ಐದೂವರೆ. ಮಣಿಪಾಲದ ಕಂಪ್ಯೂಟರ್ ಕೋಣೆಯಲ್ಲಿ ಗುಣವತಿ ಆಗಲೇ ಬಂದು ಕೂತಾಗಿದೆ. ಮಿಷನ್ನು ಖಾಲಿ ಸಿಗುವುದೇ ಈ ಹೊತ್ತಿಗೆ. ಪ್ರೋಗ್ರಾಮ್ ಎಂದರೆ ತೂತು ಹೊಡೆದ ಕಾರ್ಡುಗಳ ಕಟ್ಟು, ಕಾರ್ಡಿಗೊಂದು ಸಾಲು. ಗುಣವತಿ ಒಂದು ಕಾರ್ಡು ಎಳೆದು, ಅಲ್ಲಿಗೆ ಬೇಕೆಂದೇ ತಪ್ಪು ಮಾಡಿದ ಇನ್ನೊಂದನ್ನು ತುರುಕುತ್ತಾರೆ. ಗುರುತಿಗೆ ಅಂಚಿನಲ್ಲಿ ಕೆಂಪು ಶಾಯಿ. ಆಮೇಲೆ, ಪ್ರೋಗ್ರಾಮ್ ಸರಿಯಿದೆಯೇ ಎಂದು ನೋಡಲು ರಾಯರು ಮಾಡಿಟ್ಟ ಪರೀಕ್ಷೆಯ ಲೆಕ್ಕಗಳನ್ನು ಅದಕ್ಕೆ ಕೊಟ್ಟು ಓಡಿಸುತ್ತಾರೆ.

"ಕಾವಲುಗಾರ ಎಚ್ಚರ ಇದ್ದಾನಾ ಅಂತ ನೋಡಲು ನಾವೇ ಕಳ್ಳನನ್ನು ಬಿಡುವುದು" ಎಂದು ನಗುತ್ತಾರೆ. "ರಾಯರ ಪರೀಕ್ಷೆ ಹಿಡಿದರೆ ಪರೀಕ್ಷೆ ಗಟ್ಟಿ. ಹಿಡಿಯದಿದ್ದರೆ ಪರೀಕ್ಷೆಗೇ ನಿದ್ರೆ! ಅಮ್ಮನಿಗೆ ಈ ಉದ್ಯೋಗ ವಿವರಿಸುವುದು ಹೇಗೆ, ಹೇಳಿ ಮಾರಾಯ್ರೆ?"

ಇವತ್ತು ಇಪ್ಪತ್ತು ತಪ್ಪು, ಒಂದು ಸಲಕ್ಕೆ ಒಂದು. ನಾಳೆ ಕಾರ್ಕಳದಲ್ಲಿ ಮಕ್ಕಳ ಶಿಬಿರ. ತೂಕ ನೋಡಿ ಹುಳದ ಮದ್ದು ಎಷ್ಟೆಂದು ಪ್ರತಿ ಮಗುವಿಗೂ ಚೀಟಿ ಮುದ್ರಿಸಬೇಕಾದದ್ದು ಈ ಪ್ರೋಗ್ರಾಮ್. ಎಂಟು ಗಂಟೆಗೆ ಹತ್ತೊಂಬತ್ತು ತಪ್ಪು ಸಿಕ್ಕಿಬಿದ್ದಿವೆ. ಇಪ್ಪತ್ತನೆಯದು ತಪ್ಪಿಸಿಕೊಂಡಿದೆ: 'ಹತ್ತು ಕಿಲೋಗಿಂತ ಕಡಿಮೆ' ಎಂಬಲ್ಲಿ ಗುಣವತಿ 'ಹತ್ತು ಅಥವಾ ಕಡಿಮೆ' ಎಂದು ಮಾಡಿದ್ದು.

"ಹತ್ತೊಂಬತ್ತು ಸಾಲದಾ ಮಾರಾಯ್ತಿ? ನಾಳೆಯೇ ಶಿಬಿರ" ಎನ್ನುತ್ತಾರೆ ಆಗ ತಾನೇ ಬಂದ ರಾಯರು.

"ಸಾಲದು ರಾಯರೇ. ನಿಮ್ಮ ಪರೀಕ್ಷೆಯಲ್ಲಿ ಸರೀ ಹತ್ತು ಕಿಲೋದ ಮಗು ಒಂದಾದರೂ ಉಂಟಾ?"

ಇಲ್ಲ! ಒಂಬತ್ತು ಉಂಟು, ಹನ್ನೊಂದು ಉಂಟು. ಗುಣವತಿ ಹತ್ತು ಕಿಲೋದ ಮಗುವಿಗೊಂದು ಕಾರ್ಡು ಹೊಡೆಯುತ್ತಾರೆ. ಶಿಬಿರದ ಡಾಕ್ಟರರು ಬರೆದುಕೊಟ್ಟದ್ದು ಸ್ಪಷ್ಟ: ಹತ್ತು ಕಿಲೋದವರೆಗೆ, ಹತ್ತೂ ಸೇರಿ, ಅರ್ಧ ಚಮಚ. ಎರಡು ಕಟ್ಟುಗಳನ್ನೂ ಓಡಿಸಿದರೆ ಕೆಂಪಂಚಿನ ಕಾರ್ಡಿರುವ ಕಟ್ಟು ಅರ್ಧ ಚಮಚ ಎನ್ನುತ್ತದೆ. ರಾಯರ ಮೂಲ ಕಟ್ಟು, ಒಂದು ಚಮಚ!

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಓದುತ್ತಾರೆ. "ಎಂತ ಇದು! ನಿನ್ನ ತಪ್ಪೇ ಸರಿ, ನನ್ನದೇ ತಪ್ಪು!"

ಕಾರ್ಕಳದಿಂದ ಬಂದ ತೂಕದ ಪಟ್ಟಿಯನ್ನು ಇಬ್ಬರೂ ಬೆರಳಿಟ್ಟು ನೋಡುತ್ತಾರೆ. ಸರೀ ಹತ್ತು ಕಿಲೋದ ಮಕ್ಕಳು ಹದಿನೇಳು. ಅಷ್ಟೂ ಮಕ್ಕಳಿಗೆ ದುಪ್ಪಟ್ಟು ಮದ್ದು ಹೋಗುತ್ತಿತ್ತು. ಮಗುವಿಗೆ ಮದ್ದು ಕುಡಿಸಿ ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

"ನನ್ನ ಜಾಣತನ ಎಂತದೂ ಇಲ್ಲ" ಎನ್ನುತ್ತಾರೆ ಗುಣವತಿ. "ಬಿಟ್ಟ ಕಳ್ಳ ವಾಪಸು ಬರಲಿಲ್ಲ, ಹುಡುಕಿದೆ. ಅಷ್ಟೇ."

ಸಂಜೆ ಅವರು ಹತ್ತೊಂಬತ್ತು ಕೆಂಪಂಚಿನ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿಗಿಟ್ಟು ಅಲೆವೂರಿನ ಬಸ್ಸು ಹತ್ತುತ್ತಾರೆ. ಇಪ್ಪತ್ತನೆಯ ಕಾರ್ಡು ಪ್ರೋಗ್ರಾಮಿನೊಳಗೇ ಉಳಿದಿದೆ. ಏಳು ವರ್ಷ ನಡೆಸಿದ ಮಾತು ಇವತ್ತು ಮುರಿಯಿತು.