ದೊಡ್ಡಮನೆಯ ಬಟ್ಟೆ ಒಗೆದವಳ ಹೆಸರು

ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಎಂಬತ್ತೆಂಟು ವರ್ಷ. ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಹಡಗು ಹತ್ತಿ ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು, ಕೊನೆಗೆ ಇಲ್ಲಿ ನೆಲೆ ನಿಂತ ಅಜ್ಜಿ. ಕಣ್ಣು ಪೂರಾ ಹೋಗಿತ್ತು. ಸಂಜೆ ಆಫೀಸಿನಿಂದ ಬಂದು ನಾನು ಅರ್ಧ ಗಂಟೆ ಏನಾದರೂ ಓದಿ ಹೇಳುತ್ತಿದ್ದೆ. ನಾನು ಆಂಟಿ ಎಂದರೆ ಮೊದಮೊದಲು ನಗುತ್ತಿದ್ದರು, ಆಮೇಲೆ ಒಗ್ಗಿಹೋಯಿತು.

ಅವರ ತಾಯಿ ಆ ಹಳ್ಳಿಯ ಜಮೀನ್ದಾರರ ದೊಡ್ಡಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು. ಹುಡುಗಿಯಾಗಿದ್ದಾಗ ಸೇರಿದವರು ಬೆನ್ನು ಬಾಗುವವರೆಗೆ ಒಗೆದರು. ಯುದ್ಧಕಾಲದಲ್ಲಿ ಆ ಮನೆ ಆಸ್ಪತ್ರೆಯಾದಾಗ ಸಿಪಾಯಿಗಳ ರಕ್ತದ ಹಾಸಿಗೆಬಟ್ಟೆಗಳೂ ಅವರ ಪಾಲಿಗೇ. ಈಗ ಹಳ್ಳಿಯವರು ಊರಿನ ಮತ್ತು ದೊಡ್ಡಮನೆಯ ಇತಿಹಾಸ ಬರೆಯುತ್ತಿದ್ದಾರೆಂದು ತಿಳಿದು, ಅಜ್ಜಿ ನನ್ನ ಕೈಯಲ್ಲಿ ನಾಲ್ಕು ಪುಟದ ಕಾಗದ ಬರೆಸಿ ಕಳಿಸಿದ್ದರು.

"ಅಮ್ಮನ ಗೋರಿಗೆ ಒಂದು ಕಲ್ಲೂ ಇಲ್ಲ," ಎಂದಿದ್ದರು. "ಪುಸ್ತಕದಲ್ಲಾದರೂ ಹೆಸರು ಬಂದುಬಿಡಲಿ. ಅಷ್ಟು ಸಾಕು ನನಗೆ."

ಪುಸ್ತಕ ಬಂತು. ವಾರವಿಡೀ ಓದಿ ಹೇಳಿದೆ. ಚರ್ಚು, ಗಿರಣಿ, ಊರವರ ಗೋಮಾಳಕ್ಕೆ ದೊಡ್ಡಮನೆಯವರು ಬೇಲಿ ಹಾಕಿದ್ದು, ಅವರ ಮದುವೆಗಳು, ಬೇಟೆಗಳು. ಅಯ್ಯೋ, ಮುಗಿಯದ ಮದುವೆಗಳು! ಕಡೆಗೆ ಒಂದು ಸಾಲು: "ಬಟ್ಟೆ ಒಗೆಯಲು ಊರಿನ ಹೆಂಗಸರು ಬರುತ್ತಿದ್ದರು." ಅದರ ಕೆಳಗೇ ತೋಟದಲ್ಲಿ ಹೂಳಿದ ಸಾಕುನಾಯಿಗಳ ಪಟ್ಟಿ, ಒಂದೊಂದರ ಹೆಸರಿನ ಸಮೇತ.

"ಅಮ್ಮ ಬಂದಳಾ?" ಎಂದರು ಅಜ್ಜಿ.

"ಬಂದಿದ್ದಾರೆ ಆಂಟಿ," ಅಂದುಬಿಟ್ಟೆ. ಸುಮ್ಮನಿರಲಾರದೆ ತಾಯಿಯ ಹೆಸರು ಸೇರಿಸಿ, ಅವರ ದುಡಿಮೆಯನ್ನು ಹೊಗಳುವ ಎರಡು ಸಾಲನ್ನೂ ಕಟ್ಟಿ ಓದಿದೆ. ಎಲ್ಲಿದೆ ತೋರಿಸು ಎಂದು ಬೆರಳು ಚಾಚಿದರು. ಗಾಬರಿಯಲ್ಲಿ ಆ ಬೆರಳನ್ನು ನಾಯಿಗಳ ಪಟ್ಟಿಯ ಮೇಲಿಟ್ಟೆ. ಅವರು ಆ ಸಾಲನ್ನು ಸವರುತ್ತಾ ಅತ್ತರು; ಗುರುತಿಗೆ ಅಲ್ಲೊಂದು ಗುಂಡುಸೂಜಿ ಚುಚ್ಚಿಕೊಂಡರು.

ಮೈಸೂರಿಗೆ ಫೋನ್ ಮಾಡಿ ನನ್ನ ಅಮ್ಮನಿಗೆ ಹೇಳಿದೆ.

"ಒಳ್ಳೇದೇ ಮಾಡ್ದೆ ಬಿಡೇ," ಅಂದಳು. "ನಿಮ್ಮಜ್ಜಿಗೆ ಅವರ ತಮ್ಮ ಹೋಗ್ಬಿಟ್ಟಿದ್ದನ್ನ ನಾವೇನು ಹೇಳಿದ್ವಾ? ವಯಸ್ಸಾದವ್ರನ್ನ ಯಾಕೆ ನೋಯಿಸ್ಬೇಕು?"

ನಿಜ, ನಮ್ಮ ಮನೆಯಲ್ಲಿ ನಡೆದುಬಂದದ್ದೇ ಹಾಗೆ. ಸತ್ತ ತಮ್ಮ ಚೆನ್ನಾಗಿದ್ದಾನೆಂದು ನಂಬಿಕೊಂಡೇ ನಮ್ಮಜ್ಜಿ ಕಣ್ಣು ಮುಚ್ಚಿದರು. ನಾನು ನಿಶ್ಚಿಂತೆಯಾಗಿ ಮಲಗಿದೆ.

ಮುಂದಿನ ತಿಂಗಳು ಪರ್ತ್‌ನಿಂದ ಆಂಟಿಯ ಮಗ ಬಂದ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. "ಗುರುತಿಟ್ಟಿದ್ದೇನೆ ನೋಡು, ನಿನ್ನ ಅಜ್ಜಿ ಇದ್ದಾಳೆ, ಗಟ್ಟಿಯಾಗಿ ಓದು," ಎಂದು ಅವರು ಮಗನಿಗೆ ಹೇಳುವುದು ಕೇಳಿ ಓಡಿ ಬರುವಷ್ಟರಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟಿದ್ದ.

"ಮಮ್, ಇದು ನಾಯಿಗಳ ಪಟ್ಟಿ."

ಅಜ್ಜಿ ನಾನು ನಿಂತ ಕಡೆಗೆ ಮುಖ ತಿರುಗಿಸಿದರು.

"ಪುಸ್ತಕದಲ್ಲಿ ಎಲ್ಲೂ ಇಲ್ಲವಾ?"

"ಇಲ್ಲ ಆಂಟಿ. ನಿಮಗೆ ನೋವಾಗಬಾರದು ಅಂತ..."

"ನನಗೆ ನೋವು ಹೊಸದಲ್ಲ. ಅವತ್ತೇ ಹೇಳಿದ್ದರೆ ಅವರ ಜೊತೆ ಜಗಳ ಆಡುತ್ತಿದ್ದೆ. ಅದರ ಬದಲು ಮರುದಿನ ಏನು ಬರೆಸಿದೆ ನಾನು? ಆ ಕಾಗದ ಅಂಚೆಗೆ ಹಾಕಿದೆಯಾ?"

ನಾಚಿಕೆಯಿಂದ ಸತ್ತೆ. ಹಾಕಿದ್ದೆ. ಬಟ್ಟೆ ಒಗೆದವಳನ್ನು ನೀವು ಮರೆಯಲಿಲ್ಲ, ಅದಕ್ಕೆ ಅವಳ ಮಗಳು ಚಿರಋಣಿ ಎಂದು ಆ ಹಳ್ಳಿಯವರಿಗೆ ನನ್ನ ಕೈಯಾರೆ ಬರೆದು, ವಿಳಾಸವನ್ನು ಎರಡು ಸಲ ಸರಿನೋಡಿ ಹಾಕಿದ್ದೆ.