ಕೈಗಡ ಕೊಟ್ಟ ಪ್ರೆಸಿಡೆಂಟ್

ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಮಗಳ ಬಾಡಿಗೆ ಮನೆಯಲ್ಲಿದ್ದಾಗ ನಾನು ಒಂದು ಅಮೆರಿಕನ್ ಕಂಪನಿಯ ಪ್ರೆಸಿಡೆಂಟ್ ಆಗಿದ್ದೆ. ಅಮೆರಿಕವನ್ನು ಇವತ್ತಿಗೂ ನೋಡಿಲ್ಲ.

ಧಾರವಾಡದಲ್ಲಿ ಕಲಿತ ಕಸೂತಿಯನ್ನು ಟೇಬಲ್ ಬಟ್ಟೆಗಳ ಮೇಲೆ ಹಾಕುತ್ತಿದ್ದೆ. ಮಗಳು ಇಂಟರ್ನೆಟ್‌ನಲ್ಲಿ ಮಾರುತ್ತಿದ್ದಳು. ಕೊಳ್ಳುವ ಅಂಗಡಿಗಳು ಅಮೆರಿಕದವು. ಅಲ್ಲಿಯದೇ ಕಂಪನಿಯಾದರೆ ವ್ಯವಹಾರ ಸಲೀಸು ಅಂದರು ಅಂಗಡಿಯವರು. ಒಬ್ಬ ಏಜೆಂಟನಿಗೆ ಫ್ಯಾಕ್ಸ್ ಕಳಿಸಿದೆವು, ವಾರದಲ್ಲಿ ಕಂಪನಿ ರೆಡಿ!

"ಪೂರ್ತಿ ನಿನ್ನ ಹೆಸರಿಗೇ ಇರ್ಲಿ ಅಮ್ಮಾ. ನಿನ್ನ ಕೈಗುಣ ಛಲೋ ಅದ," ಅಂದಳು ಮಗಳು.

ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ಕರ್ಸಿವ್ ಅಕ್ಷರದಲ್ಲಿ ಸಹಿ ಹಾಕಿ, ಕಾಗದದ ಮೂಲೆಗೆ ಕುಂಕುಮ ಹಚ್ಚಿದೆ. ಕಂಪನಿಯ ಖರ್ಚಿಗೆ ನನ್ನ ಉಳಿತಾಯದಿಂದ ಕೈಗಡವನ್ನೂ ಕೊಟ್ಟೆ. ಮಗಳಿಗೆ ಕೊಟ್ಟ ಕೈಗಡಕ್ಕೆ ಯಾರಾದರೂ ಪತ್ರ ಬರೆಸಿಕೊಳ್ಳುತ್ತಾರೆಯೇ?

ಕಂಪನಿ ಹೆಸರಿಗೆ ಚೆಕ್ಕುಗಳು ಬಂದವು. ಅಕೌಂಟ್ ತೆರೆಯಲು ಮಾಲೀಕರೇ ಪಾಸ್‌ಪೋರ್ಟ್ ಹಿಡಿದು ಅಲ್ಲಿನ ಬ್ರಾಂಚಿಗೆ ಬರಬೇಕು ಅಂತು ಅಮೆರಿಕದ ಬ್ಯಾಂಕು. ನನ್ನ ಮೊಣಕಾಲಿಗೆ ಸ್ಟೇಷನ್ನಿನ ಮೆಟ್ಟಿಲೇ ಹೆಚ್ಚು. ಚೆಕ್ಕುಗಳು ದಾರದುಂಡೆಗಳ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು, ಅವಧಿ ಮುಗಿದು, ಬರೀ ಕಾಗದವಾದವು.

ಅಮೆರಿಕದ ಟ್ಯಾಕ್ಸ್ ಬಲ್ಲ ಒಬ್ಬರು ಸಿಡ್ನಿಯಲ್ಲಿದ್ದಾರೆಂದು ತಿಳಿದು ವಿಮಾನ ಹತ್ತಿದೆವು. ಉಡುಪಿ ಕಡೆಯ ಅಕೌಂಟೆಂಟ್. "ಬನ್ನಿ, ಪ್ರೆಸಿಡೆಂಟ್ ಆಂಟಿ!" ಎಂದು ನಗಿಸಿ, ಕಾಗದ ತಿರುವತೊಡಗಿದರು.

"ಹೋದ ವರ್ಷದ ಫಾರ್ಮ್ ಎಲ್ಲಿ?"

"ಒಂದು ಸೆಂಟ್ ಲಾಭ ಇಲ್ರೀ, ವಾಟ್ ಫಾರ್ಮ್?" ಅಂದೆ.

"ಲಾಭದ್ದಲ್ಲ ಮಾರಾಯ್ರೆ. ಮಾಲೀಕರು ಹೊರದೇಶದವರು. ಕಂಪನಿಗೆ ದುಡ್ಡು ಕೊಟ್ಟಿದ್ದೀರಾ?"

"ಕೈಗಡ. ಮನಿಯೊಳಗಿಂದು."

"ಅದನ್ನೇ ಅಮೆರಿಕದ ಟ್ಯಾಕ್ಸ್ ಆಫೀಸಿಗೆ ಫಾರ್ಮ್‌ನಲ್ಲಿ ತಿಳಿಸ್ಬೇಕಿತ್ತು. ತಿಳಿಸದಿದ್ರೆ ದಂಡ ಹತ್ತು ಸಾವಿರ ಡಾಲರ್."

ಮನೆ ಕೊಳ್ಳಲು ಮಗಳು ಡಿಪಾಸಿಟ್‌ಗೆಂದು ಕೂಡಿಸಿಟ್ಟದ್ದು ಸುಮಾರು ಅಷ್ಟೇ. ಅವಳು ನನ್ನತ್ತ ನೋಡಲಿಲ್ಲ, ಕಿಟಕಿಯತ್ತ ನೋಡುತ್ತಿದ್ದಳು. ಮೈ ಗಾಡ್, ಪ್ರೀತಿಯಿಂದ ಕೊಟ್ಟ ದುಡ್ಡಿಗೆ ದಂಡವೇ!

ದಾರಿ ಒಂದೇ ಇತ್ತು: ತಡವಾದ ಫಾರ್ಮಿನ ಜೊತೆ ಕ್ಷಮೆ ಕೇಳುವ ಪತ್ರ. ಶಾಲೆಯಲ್ಲಿ ಒಂದು ದಿನವೂ ಹೋಂವರ್ಕ್ ತಡಮಾಡದ ನಾನು, 'ನನಗೆ ನಿಯಮ ಗೊತ್ತಿರಲಿಲ್ಲ' ಎಂದು ಅದೇ ಕರ್ಸಿವ್ ಅಕ್ಷರದಲ್ಲಿ ಬರೆದೆ. ಆಮೇಲೆ ತಿಂಗಳುಗಟ್ಟಲೆ, ಪೋಸ್ಟ್‌ಮನ್ನನ ಬೈಕಿನ ಸದ್ದಾದರೆ ಸೂಜಿ ಕೈಯಲ್ಲೇ ನಿಲ್ಲುತ್ತಿತ್ತು.

ಕೊನೆಗೆ ಉತ್ತರ ಬಂತು: ಈ ಸಲ ದಂಡವಿಲ್ಲ. ಮಗಳು ಓದಿ ಮುಗಿಸಿ ನೆಲದ ಮೇಲೇ ಕುಳಿತುಬಿಟ್ಟಳು.

ಇನ್ನು ಕಂಪನಿಯೇ ಬೇಡ ಅಂದುಕೊಂಡೆವು. ಅದನ್ನು ಮುಚ್ಚುವ ಕಾಗದ ಬಂದಾಗ ಕುಂಕುಮದ ಗೊಡವೆಗೆ ಹೋಗಲಿಲ್ಲ.

"ಏಜೆಂಟನ ಕಡೆ ಕಂಪನಿ ರೊಕ್ಕ ಸ್ವಲ್ಪ ಉಳದದ. ನಿನ್ನ ಕೈಗಡಕ್ಕ ಕೊಟ್ಟುಬಿಡ್ಲೇನು?" ಕೇಳಿದಳು.

"ತಡಿ. ಅದಕ್ಕೂ ಫಾರ್ಮ್ ಅದ ಏನು, ಮೊದಲ ಕೇಳು."

ಸಿಡ್ನಿಗೆ ಫೋನ್ ಮಾಡಿದಳು. ಆ ಕಡೆಯ ನಗು ನನಗೂ ಕೇಳಿಸಿತು. "ಉಂಟು ಆಂಟಿ, ಅದಕ್ಕೂ ಉಂಟು."